ಊರೀಯನನ್ನು ಬಿಡಬಾರದಿತ್ತು

ಹಿತ್ತಿಯರು ಎಂಬ ಪ್ರಾಚೀನ ಜನ ಮತ್ತು ಇಸ್ರೇಲರ ಸಂಬಂಧದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಹಿತ್ತಿಯರ ಸಾಮ್ರಾಜ್ಯವೂ ಇಸ್ರೇಲರ ಅರಸ ದಾವೀದನ ರಾಜ್ಯವೂ ಅಕ್ಕಪಕ್ಕ ಇದ್ದವು ಅಂತ ಬರೆದಿದ್ದೀರಿ, ಅದನ್ನು ಒಪ್ಪುವುದು ಕಷ್ಟ. ಹಿತ್ತಿಯರ ರಾಜಧಾನಿ ಹತ್ತುಸ ಇದ್ದದ್ದು ಈಗಿನ ಟರ್ಕಿಯ ನಡುಭಾಗದಲ್ಲಿ. ಆ ಸಾಮ್ರಾಜ್ಯ ಕ್ರಿ.ಪೂ. 1180ರ ಸುಮಾರಿಗೆ ಕುಸಿಯಿತು. ದಾವೀದನ ಕಾಲ ಬಂದದ್ದು ಅದಾಗಿ ಸುಮಾರು 200 ವರ್ಷಕ್ಕೆ. ಇಬ್ಬರೂ ಎದುರಾಗುವುದು ಹೇಗೆ?

ಇಸ್ರೇಲರಿಗೆ ಗೊತ್ತಿದ್ದದ್ದು ಆಮೇಲೆ ಸಿರಿಯಾ ಕಡೆ ಉಳಿದ ಹಿತ್ತಿಯರ ಸಣ್ಣ ರಾಜ್ಯಗಳು. ಕಾರ್ಕೆಮಿಶ್, ಹಮಾತ್ ಇಂಥವು. ದಾವೀದನ ಮಗ ಸೊಲೊಮೋನನ ಕಾಲದಲ್ಲಿ ಹಿತ್ತಿಯರ ಅರಸರಿಗೆ ಕುದುರೆ, ರಥ ಹೋಗುತ್ತಿದ್ದವು ಅಂತ ಬೈಬಲಿನಲ್ಲಿದೆ. ಅದು ಇವರಿಗೇ ಹೊಂದುತ್ತದೆ. ಕೊನೆಗೆ ಈ ಸಣ್ಣ ರಾಜ್ಯಗಳನ್ನೂ ಇಸ್ರೇಲರ ಉತ್ತರ ರಾಜ್ಯವನ್ನೂ ನುಂಗಿದ್ದು ಅಸ್ಸೀರಿಯ ಸಾಮ್ರಾಜ್ಯ. ಆ ಉತ್ತರ ರಾಜ್ಯದ ರಾಜಧಾನಿ ಸಮಾರಿಯ ಬಿದ್ದದ್ದು ಕ್ರಿ.ಪೂ. 722ರ ಸುಮಾರಿಗೆ, ಕಾರ್ಕೆಮಿಶ್ 717ರಲ್ಲಿ.

ಇಸ್ರೇಲರ ಮೂಲಪುರುಷ ಅಬ್ರಹಾಮ ಹೆಬ್ರೋನಿನಲ್ಲಿ 400 ಶೆಕೆಲ್ (ಆಗಿನ ಒಂದು ತೂಕ) ಬೆಳ್ಳಿ ಕೊಟ್ಟು ಹಿತ್ತಿಯ ಎಫ್ರೋನನಿಂದ ಹೊಲ, ಗವಿ ಕೊಂಡ ಕಥೆಯೇ ಬೇರೆ. ಅಲ್ಲಿನ ಹಿತ್ತಿಯರು ಕಾನಾನಿನಲ್ಲೇ, ಅಂದರೆ ಇಸ್ರೇಲರು ಆಮೇಲೆ ನೆಲೆಸಿದ ನಾಡಿನಲ್ಲೇ, ನೆಲೆಸಿದ್ದವರು. ಅವರಿಗೂ ಹತ್ತುಸಕ್ಕೂ ನಂಟಿತ್ತಾ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ನನ್ನನ್ನು ಜಾಸ್ತಿ ಕಾಡುವವನು ಊರೀಯ. ಹಿತ್ತಿಯ, ಆದರೂ ದಾವೀದನ ವೀರರ ಪಟ್ಟಿಯಲ್ಲಿದ್ದವನು. ಜೊತೆಗಾರರು ಬಯಲಲ್ಲಿ ಮಲಗಿರುವಾಗ ನಾನು ಮನೆಗೆ ಹೋಗಲಾರೆ ಎಂದವನು. ಅವನ ಹೆಂಡತಿ ಬತ್ಷೆಬೆಗಾಗಿ ಅರಸನೇ ಅವನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ. ಇದನ್ನು ಬರೆದಿಟ್ಟವರು ಇಸ್ರೇಲರೇ ಅಲ್ವಾ? ತಮ್ಮ ಅರಸನದೇ ತಪ್ಪು ಅಂತ ಮುಚ್ಚಿಡದೆ ಬರೆದರು. ಎರಡು ಜನಗಳ ಸಂಬಂಧ ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗುವುದು ಕಷ್ಟ. ನಿಮ್ಮ ಲೇಖನದಲ್ಲಿ ಅವನ ಹೆಸರೇ ಇಲ್ಲ. ದಯವಿಟ್ಟು ಮುಂದಿನ ಭಾಗದಲ್ಲಾದರೂ ಬರೆಯಿರಿ.