ಆಗಸ್ಟ್ ತಿಂಗಳ ಆ ಸಭೆ ಎಲ್ಲಿ ಹೋಯಿತು?

ನಿನ್ನೆ ರಾತ್ರಿ ವಯೋಮಿಂಗ್‌ನಿಂದ ವಾಪಸ್ ಬಂದೆವು. ಮೈಯೆಲ್ಲ ಧೂಳು, ಕೈತುಂಬ ಸೊಳ್ಳೆ ಕಡಿತ. ಮಗಳು ಹನ್ನೆರಡು ಗಂಟೆಯಿಂದ ಬಿದ್ದುಕೊಂಡು ನಿದ್ದೆ ಮಾಡುತ್ತಿದ್ದಾಳೆ. ನನಗೆ ನಿದ್ದೆ ಇಲ್ಲ, ಸಿಟ್ಟು ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಯೂಟಾದಲ್ಲಿ ನಮ್ಮ ಬೀದಿ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಹೆಚ್ಚುಕಡಿಮೆ ಎಲ್ಲ ಮನೆಯೂ ಮಾರ್ಮನ್ನರದು, ಅಂದರೆ ಇಲ್ಲಿ ಬೇರೂರಿದ ಒಂದು ಕ್ರೈಸ್ತ ಪಂಗಡದವರದು. ಕಾಫಿ ಮುಟ್ಟದ ಜನರ ನಡುವೆ ಹಾಸನದವನೊಬ್ಬ ಬೆಳಗ್ಗೆ ಫಿಲ್ಟರ್ ಇಳಿಸಿಕೊಂಡು ಬದುಕುವ ಕಥೆ ಹಿಂದೆ ಬರೆದಿದ್ದೆ, ನೀವೆಲ್ಲ ನಕ್ಕಿದ್ದಿರಿ. ಅದೇ ಪಕ್ಕದ ಮನೆಯವರು ಏಪ್ರಿಲ್‌ನಲ್ಲಿ ಬಂದು, "ನಿಮ್ಮ ಮಗಳನ್ನೂ ಟ್ರೆಕ್‌ಗೆ ಕಳಿಸಿ, ನಮ್ಮ ಹುಡುಗಿಯರಿಗೆಲ್ಲ ಫ್ರೆಂಡ್ ಅವಳು" ಅಂದರು. ಟ್ರೆಕ್ ಅಂದ ಕೂಡಲೇ ನನಗೆ ನೆನಪಾದದ್ದು ಕುಮಾರ ಪರ್ವತ. ಹೂಂ ಅಂದೆ.

ಇದು ಬೇರೆ ಟ್ರೆಕ್. 1856ರ ಸುಮಾರಿಗೆ ಮಾರ್ಮನ್ನರು ಕೈಗಾಡಿ ಎಳೆದುಕೊಂಡು ಯೂಟಾಕ್ಕೆ ನಡೆದು ಬಂದದ್ದರ ನೆನಪಿಗೆ ಅದೇ ಥರ ನಡೆಯುವುದು. ಚರ್ಚಿನ ಹದಿಹರೆಯದ ಮಕ್ಕಳನ್ನೆಲ್ಲ ನಾಲ್ಕು ವರ್ಷಕ್ಕೊಮ್ಮೆ ಹೊರಡಿಸುತ್ತಾರೆ. ಹುಡುಗಿಯರಿಗೆ ಕಾಲು ಮುಚ್ಚುವ ಲಂಗ, ತಲೆಗೆ ಬಾನೆಟ್. ಹುಡುಗರಿಗೆ ಸಸ್ಪೆಂಡರ್ ಹಾಕಿದ ಪ್ಯಾಂಟು. ಮೊಬೈಲ್ ಇಲ್ಲ. ಎಂಟು ಹತ್ತು ಮಕ್ಕಳಿಗೆ ಒಂದು ದಂಪತಿ, ಅವರೇ ಮೂರು ದಿನದ ಅಪ್ಪ ಅಮ್ಮ. ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಬಕೆಟ್. ಸಾಮಾನು ಅದರೊಳಗೆ, ಸಂಜೆ ಕೂರುವುದೂ ಅದರ ಮೇಲೆ. ಮತ್ತೆ ಒಂದು ಕೈಗಾಡಿ. ನಮ್ಮೂರಲ್ಲಿ ಸೊಪ್ಪು ಮಾರುವವರ ತಳ್ಳುಗಾಡಿ ಅಲ್ಲ. ಎರಡು ದೊಡ್ಡ ಚಕ್ರ, ಮುಂದಕ್ಕೆ ಚಾಚಿದ ಮರ, ಅದಕ್ಕೊಂದು ಅಡ್ಡಪಟ್ಟಿ. ಎತ್ತು ಇರಬೇಕಾದ ಜಾಗದಲ್ಲಿ ನನ್ನ ಮಗಳು.

ನಾನು ನೀರಿನ ಟ್ರಕ್ಕಿಗೆ ಹೆಲ್ಪರ್ ಅಂತ ಹೋದೆ. ಮೊದಲೇ ಹೇಳಿಬಿಡುತ್ತೇನೆ, ಮೊದಲ ದಿನ ನಾನು ಖುಷಿಯಾಗೇ ಇದ್ದೆ. ಮಕ್ಕಳಿಗೆ ಅಂದು ನಡೆದು ಬಂದವರಲ್ಲಿ ಒಬ್ಬೊಬ್ಬರ ಹೆಸರು ಬರೆದ ಚೀಟಿ ಕೊಡುತ್ತಾರೆ, ಅವರ ನೆನಪಲ್ಲಿ ನಡೆಯಬೇಕು. ನನ್ನ ಮಗಳಿಗೆ ಬಂದ ಹೆಸರು ಎಲಿಜಬೆತ್ ಝೇವಿಯರ್ ಟೇಟ್. ಬೊಂಬಾಯಿಯಲ್ಲಿ ಹುಟ್ಟಿದ ಹೆಂಗಸು! ಸ್ಕಾಟ್ಲೆಂಡಿನ ಸಿಪಾಯಿಯನ್ನು ಮದುವೆಯಾಗಿ, 1856ರಲ್ಲಿ ಇದೇ ದಾರಿಯಲ್ಲಿ ನಡೆದು ಯೂಟಾದ ಸೀಡರ್ ಸಿಟಿ ಸೇರಿದವಳು. ಇಂಡಿಯಾದ ಹುಡುಗಿಗೆ ಇಂಡಿಯಾದ ಹೆಸರು ಹುಡುಕಿ ಕೊಟ್ಟಿದ್ದಾರಲ್ಲ, ಎಷ್ಟು ಒಳ್ಳೆಯವರು ಅಂದುಕೊಂಡೆ. ಒಳ್ಳೆಯವರೇ. ಅದೇ ತೊಂದರೆ.

ಎರಡನೇ ಸಂಜೆ ಬೆಂಕಿಯ ಸುತ್ತ ಕೂರಿಸಿ ಕಥೆ ಹೇಳಿದರು. 1856ರಿಂದ 1860ರ ತನಕ ಹತ್ತು ತಂಡಗಳಲ್ಲಿ ಸುಮಾರು ಮೂರು ಸಾವಿರ ಜನ ಹೀಗೆ ಗಾಡಿ ಎಳೆದು ಬಂದರು. ಹೆಚ್ಚಿನವರು ಇಂಗ್ಲೆಂಡ್, ಸ್ಕಾಟ್ಲೆಂಡ್, ಡೆನ್ಮಾರ್ಕ್ ಕಡೆಯ ಬಡವರು. ರೈಲು ಅಯೋವಾ ಸಿಟಿಗೇ ಮುಗಿಯುತ್ತಿತ್ತು. ಅಲ್ಲಿಂದ ಸಾಲ್ಟ್ ಲೇಕ್ ಸಿಟಿ 2,000 ಕಿಲೋಮೀಟರ್‌ಗಿಂತ ಜಾಸ್ತಿ. ಎಲ್ಲರಿಗೂ ಎತ್ತಿನ ಬಂಡಿ ಕೊಡಿಸುವಷ್ಟು ದುಡ್ಡು ಚರ್ಚಿನ ಹತ್ತಿರ ಇರಲಿಲ್ಲ, ಹಾಗಾಗಿ ಚರ್ಚಿನ ಆಗಿನ ಮುಖ್ಯಸ್ಥ ಬ್ರಿಗಮ್ ಯಂಗ್ ಕೈಗಾಡಿಯ ಉಪಾಯ ಮಾಡಿದರು. ದೊಡ್ಡವರಿಗೆ ತಲಾ 17 ಪೌಂಡ್ ಸಾಮಾನು. ಅಂದರೆ ಎಂಟು ಕೆಜಿಯೂ ಇಲ್ಲ. ನಾವು ಊರಿಗೆ ಬರುವಾಗ ಕ್ಯಾಬಿನ್ ಬ್ಯಾಗಿಗೆ ಬಿಡುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟೇ.

ಇಲ್ಲಿಯವರೆಗೆ ಸರಿ. ಆಮೇಲೆ ಅವರು ಹೇಳಿದ್ದು ಹೀಗೆ: ವಿಲ್ಲಿ ಮತ್ತು ಮಾರ್ಟಿನ್ ಅನ್ನುವವರ ತಂಡಗಳು ನಂಬಿಕೆಯಿಂದ ಹೊರಟವು, ದಾರಿಯಲ್ಲಿ ಚಳಿಗಾಲ ಬೇಗ ಬಂದುಬಿಟ್ಟಿತು.

ಚಳಿಗಾಲ ಬೇಗ ಬಂತಂತೆ! ಅಕ್ಟೋಬರ್ 19ರಂದು ಹಿಮ ಬಿತ್ತು. ವಯೋಮಿಂಗ್‌ನಲ್ಲಿ ಅಕ್ಟೋಬರಿಗೆ ಹಿಮ ಬೀಳುವುದು ಒಂದು ಸುದ್ದಿಯಾ? ಚಳಿಗಾಲ ಬೇಗ ಬರಲಿಲ್ಲ ಸ್ವಾಮಿ, ಜನ ತಡವಾಗಿ ಹೊರಟರು. ಅಯೋವಾ ತಲುಪಿದಾಗ ಗಾಡಿಗಳೇ ಸಿದ್ಧ ಇರಲಿಲ್ಲ. ಒಣಗದ ಹಸಿ ಮರದಲ್ಲಿ ಅವಸರಕ್ಕೆ ಮಾಡಿದವು, ದಾರಿಯುದ್ದಕ್ಕೂ ಮುರಿದವು. ಜುಲೈ ಅರ್ಧ ಕಳೆದ ಮೇಲೆ ಹೊರಟು, ನೆಬ್ರಾಸ್ಕಾದ ಫ್ಲಾರೆನ್ಸ್ ಮುಟ್ಟುವಾಗ ಆಗಸ್ಟ್.

ನನ್ನ ಸಿಟ್ಟು ಇರುವುದು ಆ ಆಗಸ್ಟ್ ತಿಂಗಳ ಮೇಲೆ. ಅಲ್ಲಿ ವಿಲ್ಲಿ ತಂಡದ ಒಂದು ಸಭೆ ನಡೆಯಿತು. ಮುಂದೆ ಹೋಗುವುದಾ, ಚಳಿಗಾಲ ಇಲ್ಲೇ ಕಳೆಯುವುದಾ? ಲೀವೈ ಸಾವೇಜ್ ಅಂತ ಒಬ್ಬ ಎದ್ದು ನಿಂತ. ಧರ್ಮಪ್ರಚಾರಕ್ಕೆ ಕಲ್ಕತ್ತಾ ದಾಟಿ ಬರ್ಮಾದ ತನಕ ಹೋಗಿ ವಾಪಸ್ ಮನೆಗೆ ಹೊರಟಿದ್ದವನು. ಕಷ್ಟ ಕಂಡವನು. ಈಗ ಹೊರಟರೆ ಮುದುಕರು, ಮಕ್ಕಳು, ಬಲ ಇಲ್ಲದವರು ಸಾಯುತ್ತಾರೆ ಅಂತ ಅತ್ತುಕೊಂಡು ಹೇಳಿದ. ಮುಖಂಡರಿಗೆ ಅದು ನಂಬಿಕೆ ಸಾಲದವನ ಮಾತಾಗಿ ಕೇಳಿಸಿತು. ಜನ ಕೈ ಎತ್ತಿದರು, ಹೋಗುವುದೇ ಅಂತಾಯಿತು. ಸಾವೇಜ್ ಏನು ಮಾಡಿದ ಗೊತ್ತಾ? ಸರಿ, ನಾನೂ ಬರುತ್ತೇನೆ, ಸಾಯುವುದಾದರೆ ನಿಮ್ಮ ಜೊತೆಗೇ ಸಾಯುತ್ತೇನೆ ಅಂದ. ಅಂದಂತೆ ಬಂದ. ಎರಡೂ ತಂಡ ಸೇರಿ ಸುಮಾರು ಸಾವಿರ ಜನರಲ್ಲಿ ಇನ್ನೂರಕ್ಕಿಂತ ಜಾಸ್ತಿ ಜನ ಸತ್ತರು.

ಬೆಂಕಿಯ ಮುಂದೆ ಕೂತ ಮಕ್ಕಳಿಗೆ ಈ ಮನುಷ್ಯನ ಹೆಸರು ಒಂದೇ ಒಂದು ಸಲ ಬರಲಿಲ್ಲ. ಹಿಟ್ಟಿನ ಚೀಲಕ್ಕೆ ಬಟ್ಟೆ ಸುತ್ತಿ ಮಗು ಅಂತ ಕೊಟ್ಟು, ಎರಡನೇ ದಿನ "ನಿಮ್ಮ ಮಗು ಸತ್ತಿತು" ಅಂತ ಹೇಳಿ ಮಣ್ಣು ಮಾಡಿಸಿದರು. ಅದಕ್ಕೆ ಟೈಮ್ ಇತ್ತು. ನನ್ನ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಮಗು ಯಾಕೆ ಸತ್ತಿತು ಅಂತ ಹೇಳಲು ಟೈಮ್ ಇರಲಿಲ್ಲ!

ಇನ್ನೂ ಕೇಳಿ. ಸೆಪ್ಟೆಂಬರ್‌ನಲ್ಲಿ ಚರ್ಚಿನ ಮುಖಂಡರ ಒಂದು ಗುಂಪು ಬಂಡಿಗಳಲ್ಲಿ ಈ ನಡೆಯುವವರನ್ನು ಹಿಂದೆ ಹಾಕಿ ಹೋಯಿತು. ಸಾವೇಜ್‌ಗೆ ಎಲ್ಲರೆದುರು ಬೈದರು. ಆಮೇಲೆ ತಿನ್ನಲು ಹಸಿ ಮಾಂಸ ಬೇಕು ಅಂದರಂತೆ. ಅಳೆದು ಹಿಟ್ಟು ತಿನ್ನುತ್ತಿದ್ದ ಜನ ತಮ್ಮ ಕೊಬ್ಬಿದ ಕರು ಕಡಿದು ಕೊಟ್ಟರು. ವಿಲ್ಲಿ ತಂಡದಲ್ಲೇ ಇದ್ದ ಜಾನ್ ಚಿಸ್ಲೆಟ್ ಇದನ್ನು ಬರೆದಿಟ್ಟಿದ್ದಾನೆ. ಮಾರ್ಟಿನ್ ತಂಡದವರು ಅಕ್ಟೋಬರ್ 17ರಂದು ಭಾರ ಜಾಸ್ತಿ ಆಯಿತು ಅಂತ ಹೊದಿಕೆ, ಬಟ್ಟೆ ಎಲ್ಲ ಸುಟ್ಟರು. ಎರಡೇ ದಿನಕ್ಕೆ ಹಿಮ. ಇದ್ಯಾವುದೂ ಕಥೆಯಲ್ಲಿಲ್ಲ.

ಬದಲಿಗೆ ಏನಿತ್ತು? ಹೆಂಗಸರ ಎಳೆತ. ಒಂದು ಏರು ಬರುತ್ತದೆ, ಹುಡುಗರನ್ನೆಲ್ಲ ಬದಿಗೆ ನಿಲ್ಲಿಸಿ ಟೋಪಿ ತೆಗೆಸುತ್ತಾರೆ. ಹುಡುಗಿಯರು ಮಾತ್ರ ಗಾಡಿ ಎಳೆಯಬೇಕು. ಯಾಕೆ? ಗಂಡಸರು ಮಾರ್ಮನ್ ಬೆಟಾಲಿಯನ್ ಸೇರಿ ಯುದ್ಧಕ್ಕೆ ಹೋದರು ಅಂತ. ಆ ಬೆಟಾಲಿಯನ್ 1846ರದ್ದು. ಕೈಗಾಡಿ 1856ರದ್ದು. ಹತ್ತು ವರ್ಷ ಹಿಂದು ಮುಂದು ಮಾಡಿದರೂ ಕಣ್ಣೀರು ಬಂದರೆ ಆಯಿತು. (ನನಗೂ ಬಂತು. ಮಗಳು ಹಲ್ಲು ಕಚ್ಚಿ ಮರಳಲ್ಲಿ ಕಾಲು ಜಾರುತ್ತಾ ಎಳೆಯುವುದು ನೋಡಿ ಟ್ರಕ್ಕಿನ ಹಿಂದೆ ಹೋಗಿ ಮೂಗು ಒರೆಸಿಕೊಂಡೆ. ಅದಕ್ಕೂ ಸಿಟ್ಟು.)

ಹೆಂಡತಿಗೆ ಫೋನಿನಲ್ಲಿ ಹೇಳಿದರೆ, "ಸುಮ್ನಿರಿ, ಮಕ್ಕಳು ಮೂರು ದಿನ ಮೊಬೈಲ್ ಬಿಟ್ಟು ಬೆವರು ಸುರಿಸಿದ್ದಾರೆ, ಅಷ್ಟು ಸಾಲದಾ?" ಅಂದಳು. ಒಪ್ಪಿದೆ. ಕಷ್ಟಪಟ್ಟು ನಡೆಯುವುದರಲ್ಲಿ ಏನೋ ಇದೆ. ನಾನೂ ಇಪ್ಪತ್ತನೇ ವಯಸ್ಸಿನಲ್ಲಿ ಶಿವರಾತ್ರಿಗೆ ಹಾಸನದಿಂದ ಧರ್ಮಸ್ಥಳಕ್ಕೆ ನಡೆದವನು. ಚಾರ್ಮಾಡಿಯಲ್ಲಿ ಟೆಂಪೊ ಹತ್ತಿದ್ದನ್ನು ಇವತ್ತಿನ ತನಕ ಅಮ್ಮನಿಗೆ ಹೇಳಿಲ್ಲ. ಆದರೆ ನಡೆಯುವುದೇ ಮುಖ್ಯ ಆದರೆ ಹತ್ತು ತಂಡಗಳಲ್ಲಿ ಎಂಟು ಇಂಥ ಅನಾಹುತ ಇಲ್ಲದೆ ಊರು ಸೇರಿದವಲ್ಲ, ಅವರ ದಾರಿ ನಡೆಸಿ. ಯಾಕೆ ಈ ಎರಡೇ ಬೇಕು? ಸತ್ತವರು ಜಾಸ್ತಿ ಇದ್ದಾರೆ ಅಂತ ಅಲ್ವಾ?

ಈ ಎರಡು ತಂಡದವರನ್ನು ಬಿಡಿಸಿ ತಂದವರ ಕಥೆ ನಿಜಕ್ಕೂ ದೊಡ್ಡದು, ಅದಕ್ಕೆ ನನ್ನ ತಕರಾರಿಲ್ಲ. ಇವರಿನ್ನೂ ದಾರಿಯಲ್ಲಿದ್ದಾರೆ ಅಂತ ಸುದ್ದಿ ತಿಳಿದ ಮರುದಿನ, ಹಿಮ ಬೀಳುವ ಮೊದಲೇ, ಅಕ್ಟೋಬರ್ 5ಕ್ಕೆ, ಬ್ರಿಗಮ್ ಯಂಗ್ ಸಭೆಯಲ್ಲಿ ನಿಂತು ಉಪದೇಶ ಆಮೇಲೆ, ಮೊದಲು ಹೋಗಿ ಅವರನ್ನು ಕರೆತನ್ನಿ ಅಂದರು. ಜನ ಹಿಟ್ಟು, ಬಟ್ಟೆ, ಹೇಸರಗತ್ತೆ ತೆಗೆದುಕೊಂಡು ಹೊರಟೇಬಿಟ್ಟರು. ಆದರೆ ನೀರಿಗೆ ಬಿದ್ದವರನ್ನು ಎತ್ತಿದ್ದು ಹಾಡಬೇಕಾದರೆ, ನೀರಿಗೆ ಇಳಿಸಿದ್ದನ್ನೂ ಒಂದು ಸಾಲು ಹೇಳಬೇಕಲ್ಲ.

ಇಷ್ಟೆಲ್ಲ ಬರೆಯುವ ನಾನು ಅಲ್ಲಿ ಏನು ಮಾಡಿದೆ ಅಂತ ಕೇಳುತ್ತೀರಿ. ಬೆಂಕಿಯ ಮುಂದೆ ಕೊನೆಗೆ, "ಯಾರಿಗಾದರೂ ಮನಸ್ಸಿನಲ್ಲಿದ್ದದ್ದು ಹೇಳಬೇಕು ಅನಿಸಿದರೆ ಎದ್ದು ಹೇಳಿ" ಅಂದರು. ಸಾವೇಜ್ ಹೆಸರು ಬಾಯಿಗೆ ಬಂದಿತ್ತು. ಎದುರಿಗೆ ಪಕ್ಕದ ಮನೆಯವರು ನಗುತ್ತಾ ಕೂತಿದ್ದರು. ಹೋದ ಡಿಸೆಂಬರ್‌ನಲ್ಲಿ ನಾನು ಬೆನ್ನು ಹಿಡಿದುಕೊಂಡು ಮಲಗಿದ್ದಾಗ ಹದಿನೈದು ದಿನ ನಮ್ಮ ಅಂಗಳದ ಹಿಮ ಎತ್ತಿದವರು ಅವರೇ. ಸುಮ್ಮನೆ ಕೂತೆ. ಅವರ ಹೆಂಡತಿ ಕೆಂಡದ ಮೇಲೆ ಬೇಯಿಸಿದ ಪೀಚ್ ಸಿಹಿ ಕೊಟ್ಟರು, ಎರಡು ಸಲ ಹಾಕಿಸಿಕೊಂಡು ತಿಂದೆ.

ಬೆಳಗ್ಗೆ ಬಸ್ ಹತ್ತುವ ಮೊದಲು ಒಬ್ಬರು ಟ್ರಕ್ಕಿನ ಮೇಲೆ ನಿಂತು, "ನಾಲ್ಕು ವರ್ಷ ಬಿಟ್ಟು ಮತ್ತೆ ಬರುವವರು ಕೈ ಎತ್ತಿ" ಅಂತ ಕೂಗಿದರು. ಮಕ್ಕಳೆಲ್ಲ ಹೋ ಅಂತ ಎತ್ತಿದರು. ಮಗಳು ಎತ್ತಿದಳು. ಅವಳು ನನ್ನ ಕಡೆ ನೋಡಿದಳು, ನಾನೂ ಎತ್ತಿದೆ.