ಎಳೀಬೇಡ ಅಂದ್ರೂ ಎಳೆದೆ

ಮಂಡ್ಯ ಕಡೆಯ ನಾಲೆ ದಂಡೆಯಲ್ಲಿ ಬೆಳೆದವನು ನಾನು. ಬಿದಿರು ಕಡ್ಡಿ, ಎರೆಹುಳು, ತೇಲಿಬಿಡೋಕೆ ನವಿಲುಗರಿಯ ದಂಟು. ದಂಟು ಮುಳುಗಿತೋ, ಝಾಡಿಸಿ ಎಳೆಯಬೇಕು. ಅಷ್ಟೇ ವಿದ್ಯೆ. ಇದನ್ನೇ ನಂಬಿಕೊಂಡು ಮಾರ್ಚ್ ತಿಂಗಳ ಒಂದು ಶನಿವಾರ ಹೂಸ್ಟನ್‌ನಿಂದ ಟೆಕ್ಸಸ್ ಸಿಟಿ ಡೈಕ್‌ಗೆ ಹೊರಟೆ. ಮೀನು ಹಿಡಿಯೋ ಲೈಸೆನ್ಸ್ ಮಾಡಿಸಿದ್ದೆ, ಟೋಪಿ ಕೊಂಡಿದ್ದೆ. ಹೊರಡುವಾಗ ಹೆಂಡತಿಗೆ "ಮಸಾಲೆ ರುಬ್ಬಿಟ್ಟಿರು" ಅಂತ ಬೇರೆ ಹೇಳಿದ್ದೆ.

ಡೈಕ್ ಅಂದರೆ ಗಾಲ್ವೆಸ್ಟನ್ ಕೊಲ್ಲಿಯೊಳಗೆ ಸುಮಾರು 5 ಮೈಲಿ ಚಾಚಿಕೊಂಡಿರುವ ಏರಿ. ಮೇಲೆ ರಸ್ತೆ, ಪಕ್ಕದಲ್ಲಿ ದಪ್ಪ ದಪ್ಪ ಬಂಡೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದೊಡ್ಡ ಬ್ಲ್ಯಾಕ್ ಡ್ರಮ್ ಮೀನುಗಳು ಮೊಟ್ಟೆ ಇಡೋ ಕಾಲ. ಹಡಗು ಓಡಾಡುವ ಆಳದ ಕಾಲುವೆ, ಕೊಲ್ಲಿಯ ಬಾಯಿ, ಇಲ್ಲೆಲ್ಲ ಗುಂಪು ಕಟ್ಟಿಕೊಂಡು ಬರುತ್ತವೆ. ಇಲ್ಲಿನವರು ಪ್ರೀತಿಯಿಂದ 'ಬಿಗ್ ಅಗ್ಲಿ' ಅಂತಾರೆ. ಬೂದು ಮೈ, ಗೂನು ಬೆನ್ನು, ಗದ್ದದ ಕೆಳಗೆ ಗಡ್ಡದ ಹಾಗೆ ಜೋತಾಡುವ ಎಳೆಗಳು. ಹೆಸರಲ್ಲಿ ತಪ್ಪೇನೂ ಇಲ್ಲ.

ಇದರ ಗಂಟಲಲ್ಲಿ ಚಪ್ಪಟೆ ಹಲ್ಲುಗಳಿವೆ. ಸಿಂಪಿ, ಏಡಿ ಎಲ್ಲವನ್ನೂ ಚಿಪ್ಪಿನ ಸಮೇತ ಕಡಲೆ ಅಗಿದ ಹಾಗೆ ಪುಡಿ ಮಾಡುತ್ತದೆ. ಹಾಗಾಗಿ ನೀಲಿ ಏಡಿಯೇ ಒಳ್ಳೆ ಎರೆ. ಮೇಲಿನ ಚಿಪ್ಪು ಕಿತ್ತು, ಎರಡು ಹೋಳು ಮಾಡಿ, ಕಾಲು ಕಿತ್ತ ತೂತಿನಲ್ಲಿ ಗಾಳ ತೂರಿಸಬೇಕು. ಅದರ ವಾಸನೆ ನೀರಲ್ಲಿ ಹರಡಿದರೆ ಮೀನು ಹುಡುಕಿಕೊಂಡು ಬರುತ್ತದಂತೆ. ಕೇಳೋಕೆ ಸುಲಭ, ಅಲ್ವಾ? ಏಡಿಯನ್ನು ಸ್ವಲ್ಪ ಹೊತ್ತು ಐಸಿನಲ್ಲಿಟ್ಟರೆ ಮಂಕಾಗುತ್ತದೆ ಅನ್ನೋದನ್ನು ನನಗೆ ಹೇಳಿದ್ದು ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತಿದ್ದ ಅಜ್ಜ. ಹೇಳಿದ್ದು ಯಾವಾಗ? ನನ್ನ ಹೆಬ್ಬೆರಳಿಗೆ ಏಡಿ ನೇತಾಡುತ್ತಿದ್ದಾಗ.

ಅಜ್ಜ ಇನ್ನೊಂದು ಮಾತೂ ಹೇಳಿದ. "ಇದು ಸರ್ಕಲ್ ಹುಕ್, ತುದಿ ಒಳಕ್ಕೆ ಬಾಗಿರೋ ಗಾಳ. ಎಳೀಬೇಡ. ಮೀನು ಕಚ್ಚಿಕೊಂಡು ತಾನೇ ಹೊರಡಲಿ. ಗಾಳ ಸುಮ್ನೆ ಜಾರಿ ಬಾಯಿ ಮೂಲೆಗೆ ಸಿಕ್ಕಿಕೊಳ್ಳುತ್ತೆ." ನಾನು ತಲೆಯಾಡಿಸಿದೆ. ತಲೆಗೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ. ಕೋಲಿನ ತುದಿ ಟಕ್ ಅಂತು, ಝಾಡಿಸಿ ಎಳೆದೆ. ಬರಿ ಗಾಳ ಹಾರಿ ಬಂದು ನನ್ನ ಹೊಸ ಟೋಪಿಗೆ ಸಿಕ್ಕಿಕೊಂಡಿತು. ಎರಡನೇ ಸಲವೂ ಎಳೆದೆ. ಮೂರನೇ ಸಲ ಅಜ್ಜ ನನ್ನ ಕೈಗೆ ಕಾಫಿ ಲೋಟ ಕೊಟ್ಟು, "ಎರಡೂ ಕೈಯಲ್ಲಿ ಹಿಡ್ಕೊ" ಅಂದ.

ಕೋಲನ್ನು ಬಂಡೆ ಸಂದಿಗೆ ಸಿಕ್ಕಿಸಿ ಕಾಫಿ ಹಿಡಿದು ಕೂತೆ. ದಾರ ಸುತ್ತಿದ ರಾಟೆಯ ಬ್ರೇಕು, ಅಂದರೆ ಡ್ರ್ಯಾಗ್, ಸಡಿಲ ಬಿಡಬೇಕು, ಮೀನು ಓಡಿದರೆ ದಾರ ಬಿಚ್ಚಿಕೊಳ್ಳಬೇಕು. ನಾನು ಕೊಳಾಯಿ ತಿರುಗಿಸಿದ ಹಾಗೆ ಪೂರ್ತಿ ಬಿಗಿ ಮಾಡಿಟ್ಟಿದ್ದೆ. ಉಬ್ಬರದ ನೀರು ಜೋರಾಗಿ ಹರಿಯೋಕೆ ಶುರುವಾಯಿತು. ಕೋಲು ಒಮ್ಮೆ ಬಗ್ಗಿತು, ಆಮೇಲೆ ಎದ್ದು ಹೊರಟೇ ಬಿಟ್ಟಿತು! ಕಾಫಿ ಅಜ್ಜನ ಮೇಲೆ, ನಾನು ಕೋಲಿನ ಮೇಲೆ. ಪ್ಯಾಂಟು ಎಲ್ಲಿ ಹರಿಯಬಾರದೋ ಅಲ್ಲೇ ಹರಿಯಿತು.

ಇಪ್ಪತ್ತು ನಿಮಿಷ ಎಳೆದಾಟ. ಎಮ್ಮೆಗೆ ಹಗ್ಗ ಕಟ್ಟಿ ಕೆರೆಯಿಂದ ಎಬ್ಬಿಸಿದ ಹಾಗಿತ್ತು. ಕೊನೆಗೆ ಅಜ್ಜನ ಬಲೆಯಲ್ಲಿ ಬಂದ ಮೀನು ನನ್ನ ಮುಖ ನೋಡಿ "ಗುರ್‌ರ್" ಅಂತು. ಗಾಳಿಚೀಲದ ಪಕ್ಕದ ಸ್ನಾಯು ಅದುರಿಸಿ ಹೀಗೆ ಡೋಲು ಬಾರಿಸುತ್ತದೆ, ಹೆಸರು ಬಂದಿದ್ದೂ ಅದರಿಂದಲೇ. ಫ್ಲಾರಿಡಾದ ಕೇಪ್ ಕೋರಲ್‌ನಲ್ಲಿ ಕಾಲುವೆ ಪಕ್ಕದ ಮನೆಯವರಿಗೆ ಈ ಸದ್ದಿಗೆ ರಾತ್ರಿ ನಿದ್ದೆಯೇ ಬರದೆ, ಇದೇನು ಸದ್ದು ಅಂತ ದೂರು ಕೊಟ್ಟಿದ್ದರು. ಕೊನೆಗೆ ನೋಡಿದರೆ ಅದು ಮೀನುಗಳ ಪ್ರಣಯಗೀತೆ.

ಅಷ್ಟರಲ್ಲಿ ಹೆಂಡತಿಯ ಫೋನು. "ಅದ್ಯಾರು ಗೊರಕೆ ಹೊಡೀತಿರೋದು?"

"ಮೀನು ಕಣೇ!"

ಅಜ್ಜ ಟೇಪು ಹಿಡಿದ. 38 ಇಂಚು. ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳಬಹುದಾದದ್ದು 14ರಿಂದ 30 ಇಂಚಿನದ್ದು. ಬೇಜಾರಾಯಿತು ನಿಜ. ಆದರೆ ದೊಡ್ಡದರ ಮಾಂಸ ಒರಟು, ಹುಳ ಬೇರೆ ಜಾಸ್ತಿ ಅಂತ ಅಜ್ಜ ಸಮಾಧಾನ ಹೇಳಿದ. ಮೀನಿನ ಹೊಟ್ಟೆಗೆ ಕೈ ಕೊಟ್ಟು ನೀರಲ್ಲಿ ಹಿಡಿದೆ. ಅದು ಬಾಲ ಬೀಸಿ ಮುಖಕ್ಕೆ ನೀರು ಎರಚಿ ಹೋಯಿತು.

ಮನೆಗೆ ಬರುವ ಹೊತ್ತಿಗೆ ಮಸಾಲೆ ಕುದಿಯುತ್ತಿತ್ತು. ಹರಿದ ಪ್ಯಾಂಟು, ಖಾಲಿ ಡಬ್ಬ ಎರಡನ್ನೂ ನೋಡಿದ ಹೆಂಡತಿ ಏನೂ ಕೇಳಲಿಲ್ಲ. ಫ್ರೀಜರ್‌ನಿಂದ ನುಗ್ಗೆಕಾಯಿ ತೆಗೆದು ಸುರಿದಳು.

"ಡ್ರಮ್ ಬರದಿದ್ರೇನಂತೆ," ಅಂದಳು, "ಡ್ರಮ್‌ಸ್ಟಿಕ್ ಇದೆ."