ಕೊನೆಯ ರೈತರ ಫ್ಯಾಟ್

"ಸಾರ್, ನಿಮ್ಮ ಕಂಪ್ಯೂಟರಿಗೆ ನಮ್ಮ ಕೊನೆಯ ರೈತರನ್ನು ಕಂಡರೆ ಆಗುವುದಿಲ್ಲ" ಎಂದು ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿಗಳು ಇಂದು ಬೆಳಗ್ಗೆಯೂ ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಎಲ್ಲರ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ತಿದ್ದಿದರೂ ಪಟ್ಟಿಯ ಕಟ್ಟಕಡೆಯವರದು ಮಾತ್ರ 3.8 ಆಗದೆ ಹಳೆಯ 3.5ರಲ್ಲೇ ಕುಳಿತಿರುತ್ತದೆ. ಹಣ ಕಡಿಮೆ ಬಂದವರು ಸಂಘದ ಬಾಗಿಲಿಗೆ ಬರುತ್ತಾರೆ, ಬೈಗುಳ ಅಲ್ಲಿಂದ ನನ್ನ ಕಿವಿಗೆ ಬರುತ್ತದೆ. ತಂತ್ರಾಂಶ ಬರೆದ ಪುಣ್ಯಾತ್ಮರ ನಂಬರು ಮಾತ್ರ ಯಾರ ಬಳಿಯೂ ಇಲ್ಲ.

ಕಾರ್ಯದರ್ಶಿಗಳು ಕೆಲಸ ಮಾಡುವ ರೀತಿಯನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ಕೊನೆಯ ಅಂಕಿಯನ್ನು ಒಂದೇ ಬೆರಳಿನಿಂದ ಕುಟ್ಟಿ, ಕನ್ನಡಕ ತೆಗೆದು ಟವೆಲ್ಲಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮೌಸನ್ನು ನೇರವಾಗಿ ಮೇಲಿನ ಪಟ್ಟಿಯಲ್ಲಿ 'ಉಳಿಸು' ಎಂಬುದನ್ನು ಸೂಚಿಸುವ ಫ್ಲಾಪಿ ಚಿತ್ರದ ಮೇಲೆ ಒಯ್ದು ಒತ್ತುತ್ತಾರೆ. ಅವರ ಕೀಲಿಮಣೆಯಲ್ಲಿ ಅಂಕಿಗಳೆಲ್ಲ ಸವೆದುಹೋಗಿದ್ದರೂ ಟ್ಯಾಬ್ ಕೀಲಿ ಮಾತ್ರ ಅಂಗಡಿಯಿಂದ ತಂದ ದಿನದ ಹೊಳಪನ್ನೇ ಉಳಿಸಿಕೊಂಡಿದೆ. "ಟ್ಯಾಬ್ ಒತ್ತಿ, ಸಾರ್" ಎಂದರೆ, "ಎಲ್ಲ ಬರೆದಾಯಿತಲ್ಲ, ಇನ್ನು ಮುಂದಕ್ಕೆ ಹೋಗಿ ಏನು ಮಾಡಲಿ?" ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಹುಡುಕುವುದನ್ನು ನಾನು ಬಿಟ್ಟಿದ್ದೇನೆ.

ಆ ಮೇಲಿನ ಪಟ್ಟಿಯ ಹೆಸರು ಟೂಲ್‌ಸ್ಟ್ರಿಪ್, ಮೈಕ್ರೋಸಾಫ್ಟಿನ ತಂತ್ರಾಂಶ ಚೌಕಟ್ಟಾದ ಡಾಟ್‌ನೆಟ್ 2.0ರೊಂದಿಗೆ 2005ರಲ್ಲಿ ಬಂದದ್ದು. ಅದರ ಗುಂಡಿಯನ್ನು ಒತ್ತಿದರೆ ಫೋಕಸ್, ಅಂದರೆ ಕೀಲಿಮಣೆಯ ಗಮನ, ತಿದ್ದುತ್ತಿದ್ದ ಮನೆಯಲ್ಲೇ ಉಳಿಯುತ್ತದೆ; ಟ್ಯಾಬ್ ಒತ್ತಿದರೆ ಅಲ್ಲಿಂದ ಹೊರಡುತ್ತದೆ. ಆದ್ದರಿಂದ ಪರದೆಯ ಮೇಲೆ ಕಾಣುವ 3.8 ಮೆಮೊರಿಯಲ್ಲಿ ಸಾಲುಗಳನ್ನು ಇಟ್ಟುಕೊಳ್ಳುವ ಡೇಟಾಟೇಬಲ್ಲಿಗೆ ಇಳಿಯುವುದೇ ಇಲ್ಲ, ಆ ಸಾಲು 'ಅನ್‌ಚೇಂಜ್ಡ್' (ಬದಲಾಗಿಲ್ಲ) ಎಂದೇ ಇರುತ್ತದೆ, ತಿದ್ದಿದ ಸಾಲುಗಳನ್ನು ಡೇಟಾಬೇಸಿಗೆ ಒಯ್ಯುವ ಡೇಟಾ ಅಡಾಪ್ಟರ್ ಅದನ್ನು ದಾಟಿ ಹೋಗುತ್ತದೆ. ಮೊದಲು ಮನೆಯಲ್ಲಿರುವುದನ್ನು ಒಪ್ಪಿಸಿಕೊಳ್ಳುವ ವ್ಯಾಲಿಡೇಟ್, ನಂತರ ತಿದ್ದುವುದನ್ನು ಮುಗಿಸುವ ಎಂಡ್‌ಎಡಿಟ್, ಆಮೇಲೆ ಡೇಟಾಬೇಸಿಗೆ ಬರೆಯುವ ಅಪ್‌ಡೇಟ್ ಎಂಬ ಕ್ರಮವನ್ನು ತಂತ್ರಾಂಶ ಬರೆಯುವ ಸಾಧನವಾದ ವಿಷುಯಲ್ ಸ್ಟುಡಿಯೊ ತಾನಾಗಿಯೇ ಬರೆದುಕೊಡುತ್ತದೆ. ನಮ್ಮ ಪುಣ್ಯಾತ್ಮರು ಮೊದಲೆರಡನ್ನು ಅಳಿಸಿದ್ದಾರೆ. ಸದಸ್ಯರ ಫಾರ್ಮಿನಲ್ಲಂತೂ ಅಪ್‌ಡೇಟ್‌ಗೂ ಮುಂಚೆಯೇ ಆಕ್ಸೆಪ್ಟ್‌ಚೇಂಜಸ್ ಎಂಬ ಆಜ್ಞೆಯನ್ನು ಕರೆದು, ತಿದ್ದಿದ ಸಾಲುಗಳಿಗೆಲ್ಲ ಏನೂ ಆಗಿಲ್ಲವೆಂಬ ಪ್ರಮಾಣಪತ್ರ ಕೊಟ್ಟುಬಿಟ್ಟಿದ್ದಾರೆ. ಒಂದು ಸಾಲೂ ಉಳಿಯದಿದ್ದರೂ "ಯಶಸ್ವಿಯಾಗಿ ಉಳಿಸಲಾಗಿದೆ" ಎಂಬ ಪೆಟ್ಟಿಗೆ ಮಾತ್ರ ತಪ್ಪದೆ ಬರುತ್ತದೆ.

ಸಂಘದ ಹಳೆಯ ಲೆಡ್ಜರಿನಲ್ಲಿ ಹೊಡೆದುಹಾಕಿದ 3.5, ಅದರ ಮೇಲೆ 3.8, ಪಕ್ಕದಲ್ಲಿ ಹಿಂದಿನ ಕಾರ್ಯದರ್ಶಿಗಳ ಚಿಕ್ಕ ರುಜು ಇಂದಿಗೂ ಕಾಣುತ್ತವೆ. ಡೇಟಾಟೇಬಲ್ಲಿನ ಒಂದೊಂದು ಸಾಲು, ಅಂದರೆ ಡೇಟಾರೋ ಕೂಡ ಹಳೆಯ ಬೆಲೆಯನ್ನು ಹೊಸದರ ಜೊತೆಗೇ ಇಟ್ಟುಕೊಂಡಿರುತ್ತದೆ, ಆದರೆ ಉಳಿಸಿದ ಕ್ಷಣ ಅದನ್ನು ಮರೆತುಬಿಡುತ್ತದೆ. ಯಾರು ತಿದ್ದಿದರೆಂದು ಅದಕ್ಕೆ ಮೊದಲೂ ಗೊತ್ತಿರುವುದಿಲ್ಲ.

ಮಧ್ಯಾಹ್ನವೇ ವ್ಯಾಲಿಡೇಟ್, ಎಂಡ್‌ಎಡಿಟ್ ಎಂಬ ಆ ಎರಡು ಸಾಲುಗಳನ್ನು ಮತ್ತೆ ಸೇರಿಸಿ ಹೊಸ ಆವೃತ್ತಿಯನ್ನು ಹಾಕಿಕೊಟ್ಟೆ. ಸಂಜೆ ಮತ್ತೆ ಫೋನ್ ಬಂತು: ಕೊನೆಯ ರೈತರ ಫ್ಯಾಟ್ ಈಗ ಉಳಿಯುತ್ತಿದೆಯಂತೆ, ಆದರೆ ಸುಮ್ಮನೆ ನೋಡೋಣವೆಂದು ಹಾಕಿದ 9.9 ಕೂಡ ಉಳಿದುಬಿಟ್ಟಿದೆಯಂತೆ.